ಗುರುಶಾಪಕ್ಕೆ ಹೆದರುವವರಿಗೆ

ಧರ್ಮದ ಹೆಸರಿನ ದೌರ್ಜನ್ಯ ಅಂದ ಕೂಡಲೇ ಜೈಲಿಗೆ ಹೋದ ಬಾಬಾಗಳು ನೆನಪಾಗುತ್ತಾರೆ. 2017ರಲ್ಲಿ ಶಿಕ್ಷೆಯಾದ ಗುರ್ಮೀತ್ ರಾಮ್ ರಹೀಮ್, 2018ರಲ್ಲಿ ಶಿಕ್ಷೆಯಾದ ಆಸಾರಾಂ. ಆದರೆ ಬಡಾವಣೆಯ ಸತ್ಸಂಗ, ಮನೆಯ ಪ್ರಾರ್ಥನಾ ಕೂಟ, ದೆವ್ವ ಬಿಡಿಸುವವರ ಜಗಲಿ, ಜ್ಯೋತಿಷಿಯ ವಾಟ್ಸಾಪ್, ಇಲ್ಲೆಲ್ಲ ನಡೆಯುವುದು ಠಾಣೆಯ ಹತ್ತಿರವೂ ಸುಳಿಯುವುದಿಲ್ಲ.

ಇಂಥ ಗುರುಗಳು ಹೇಳುವ ತತ್ವ ನೋಡಿ ಏನೂ ಗೊತ್ತಾಗದು, ಅದು ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ಸಣ್ಣ ವಿಷಯಕ್ಕೆ ‘ಈ ವಾರ ಆಗಲ್ಲ ಸ್ವಾಮೀಜಿ’ ಅಂದು ನೋಡಿ. ‘ಆಯ್ತಮ್ಮ, ಅನುಕೂಲ ಆದಾಗ ಬನ್ನಿ’ ಅಂದರೆ ಸರಿ. ಮುಂದಿನ ಪ್ರವಚನ ‘ಅಹಂಕಾರಿ ಶಿಷ್ಯ’ನ ಮೇಲೆ ನಡೆದರೆ, ನೀವು ಗುಟ್ಟಾಗಿ ಹೇಳಿಕೊಂಡ ಸಂಸಾರದ ಕಷ್ಟ ಅದರಲ್ಲಿ ಇಣುಕಿದರೆ, ಎಚ್ಚರಾಗಿ. ಸಾಮಾನ್ಯವಾಗಿ ಮೊದಲು ನಿಮ್ಮ ಗುಟ್ಟು ತೆಗೆದುಕೊಳ್ಳುತ್ತಾರೆ, ಆಮೇಲೆ ಸಮಯ, ಆಮೇಲೆ ದುಡ್ಡು, ಕಡೆಗೆ ನೆಂಟರಿಷ್ಟರು. ‘ಯಾರಿಗೂ ಹೇಳಬೇಡಿ, ಹೇಳಿದರೆ ಫಲ ಹೋಗುತ್ತೆ’ ಅನ್ನುವುದು ಬೇಲಿ. ಫಲ ಸಿಗದಿದ್ದರೆ ನಿಮ್ಮ ಶ್ರದ್ಧೆ ಕಮ್ಮಿ! ಸೋಲೇ ಇಲ್ಲದ ಆಟ ಇದು.

ಮಾತ್ರೆ ಬಿಡಿಸುವವರು ಇವರೆಲ್ಲರಿಗಿಂತ ಅಪಾಯ. ಬಿಟ್ಟ ಔಷಧವನ್ನು ನೀವಾಗಿ ಮತ್ತೆ ಶುರುಮಾಡಬೇಡಿ. ಫಿಟ್ಸ್‌ಗೆ, ಮನಸ್ಸಿನ ಏರಿಳಿತದ ಕಾಯಿಲೆ ಬೈಪೋಲಾರ್‌ಗೆ ಕೊಡುವ ಲ್ಯಾಮೋಟ್ರಿಜಿನ್ ಅನ್ನು ಹಲವು ದಿನ ಬಿಟ್ಟು ಹಳೆಯ ಪ್ರಮಾಣದಲ್ಲೇ ನುಂಗಿದರೆ ಚರ್ಮ ಸುಲಿಯುವಂಥ ತೀವ್ರ ಪ್ರತಿಕ್ರಿಯೆ ಆಗಬಹುದು. ಎಷ್ಟು ದಿನ ಬಿಟ್ಟಿದ್ದೀರೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ.

ಹೊರಬರುವಾಗ ಮೊದಲೇ ಸಾರಿಕೊಂಡು ಬರಬೇಡಿ. ಆಧಾರ್, ಮನೆಪತ್ರ, ಒಡವೆ, ಸಹಿ ಹಾಕಿದ ಖಾಲಿ ಚೆಕ್ ಅವರ ಬಳಿ ಇದ್ದರೆ ಮೊದಲು ತಂದಿಟ್ಟುಕೊಳ್ಳಿ; ಚೆಕ್ ಸಿಗದಿದ್ದರೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ತಡೆಯಿರಿ. ಆಟೋ ಡೆಬಿಟ್ ನಿಲ್ಲಿಸಿ, ನಾಮಿನಿ ಹೆಸರು ನೋಡಿ, ಪಾಸ್‌ವರ್ಡ್ ಬದಲಿಸಿ. ವಾಟ್ಸಾಪ್ ಗುಂಪು ಬಿಡುವ ಮುಂಚೆ ಮಾತುಕತೆಯ ಪ್ರತಿ ಇಳಿಸಿಕೊಳ್ಳಿ. ಸಿಟ್ಟಿನಲ್ಲಿ ಅಳಿಸಿಬಿಟ್ಟರೆ ಸಾಕ್ಷಿ ಹೋಯಿತು.

ದಾನಪತ್ರ ಬರೆದುಕೊಟ್ಟಿದ್ದರೂ ಎಲ್ಲ ಮುಗಿಯಿತು ಅಂತಲ್ಲ. 1872ರ ಕರಾರು ಕಾಯ್ದೆಯ 16ನೇ ಕಲಂ ಅನುಚಿತ ಪ್ರಭಾವದ, ಅಂದರೆ ತಮ್ಮ ಹಿಡಿತ ಬಳಸಿ ಒಪ್ಪಿಸಿಕೊಳ್ಳುವುದರ ಬಗ್ಗೆಯೇ ಇದೆ. ಪರಲೋಕದ ಆಸೆ ತೋರಿಸಿ ಶಿಷ್ಯನ ಇಡೀ ಆಸ್ತಿ ಬರೆಸಿಕೊಂಡ ಗುರುವಿನ ಮೊಕದ್ದಮೆಯಲ್ಲಿ ಅಲಹಾಬಾದ್ ಹೈಕೋರ್ಟು 1890ರಲ್ಲೇ, ಒತ್ತಡ ಇರಲಿಲ್ಲವೆಂದು ಸಾಬೀತು ಮಾಡುವ ಹೊಣೆ ಗುರುವಿನದೇ ಎಂದಿತ್ತು. ಪತ್ರ ರದ್ದು ಕೋರಲು ಸಾಮಾನ್ಯವಾಗಿ ವಿಷಯ ತಿಳಿದಂದಿನಿಂದ 3 ವರ್ಷ ಅವಧಿ, ಹಾಗಾಗಿ ವಕೀಲರ ಬಳಿ ಬೇಗ ಹೋಗಿ. ದೇವರ ಕೋಪದ ಬೆದರಿಕೆ ಹಾಕಿ ಕೆಲಸ ಮಾಡಿಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 354ನೇ ಕಲಂನಡಿ ಅಪರಾಧ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ‘ಮಠದ ಮರ್ಯಾದೆ’ ಅಂತ ಒಳಗೇ ತೀರ್ಮಾನ ಮಾಡುವ ಹಕ್ಕು ಯಾವ ಹಿರಿಯರಿಗೂ ಇಲ್ಲ. ಗೊತ್ತಿದ್ದೂ ವರದಿ ಮಾಡದಿರುವುದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಪ್ರಕಾರ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಬಿಟ್ಟ ಮೇಲಿನ ತಿಂಗಳುಗಳೇ ಕಷ್ಟ. ಮಗುವಿಗೆ ಜ್ವರ ಬಂದರೂ ಗುರುಶಾಪ, ಗಾಡಿ ಪಂಕ್ಚರ್ ಆದರೂ ಗುರುಶಾಪ. ಅಲ್ಲಿದ್ದಾಗಲೂ ಬಂದ ಕಾಯಿಲೆ, ಆದ ನಷ್ಟಗಳನ್ನು ತಾರೀಕು ಸಮೇತ ಒಂದು ಹಾಳೆಯಲ್ಲಿ ಬರೆದಿಡಿ, ಭಯ ಹತ್ತಿದಾಗ ಓದಿ. ಹಳೆಯ ಜಪ ಎದೆ ನಡುಗಿಸಿದರೆ ಬಿಡಿ. ದೇವರನ್ನೂ ಬಿಡಬೇಕೆಂದಿಲ್ಲ, ಆತುರದಲ್ಲಿ ಇನ್ನೊಬ್ಬ ಗುರುವನ್ನಂತೂ ಹುಡುಕಬೇಡಿ. ನಿದ್ದೆ ಕೆಟ್ಟರೆ, ಸಾಯುವ ಯೋಚನೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕನ್ನಡದಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಮನೆಯವರೇ, ‘ನಾನು ಅವತ್ತೇ ಹೇಳಿದ್ದೆ’ ಅನ್ನಬೇಡಿ. ಇನ್ನೂ ಒಳಗಿರುವವರ ಗುರುವನ್ನು ಹಂಗಿಸಿದರೆ ‘ಮನೆಯವರೇ ಶತ್ರುಗಳು’ ಎಂಬ ಅವರ ಪಾಠ ನಿಜವಾಗುತ್ತದೆ. ಹಬ್ಬಕ್ಕೆ ಕರೆಯಿರಿ, ಊಟಕ್ಕೆ ಕೂರಿಸಿ, ಗುರುವಿನ ಮಾತು ಎತ್ತಬೇಡಿ.