ದುಡ್ಡು ಕಟ್ಟಿದವರ ಸೈಟೇ ಬಂದ್ ಆಗಿತ್ತು

ಶನಿವಾರ ಬೆಳಗ್ಗೆ ಏಳೂವರೆಗೆ ಫೋನ್. ಸಕಲೇಶಪುರದ ಕಡೆ ಹೋಮ್‌ಸ್ಟೇ ನಡೆಸುವ ಮೇಡಂ. "ಏನ್ರೀ ಇದು, ಎರಡು ಸಲ ದುಡ್ಡು ಕಟ್ಟಿದ್ದೀನಿ, ಸೈಟ್ ತೆಗೆದ್ರೆ ಅಕೌಂಟ್ ಸಸ್ಪೆಂಡ್ ಅಂತ ಬರ್ತಿದೆ. ಮೇಲ್ ಕೂಡ ಓಪನ್ ಆಗ್ತಿಲ್ಲ." ಎರಡು ಸಲ! ನಾನಿನ್ನೂ ಹಾಸಿಗೆಯಲ್ಲೇ ಇದ್ದೆ.

ನನ್ನದು ಸಣ್ಣ ಹೋಸ್ಟಿಂಗ್ ವ್ಯವಹಾರ, ಅಂದರೆ ಜನರ ವೆಬ್‌ಸೈಟ್, ಮೇಲ್ ನನ್ನ ಸರ್ವರ್‌ನಲ್ಲಿ ಇಟ್ಟು ನಡೆಸುವುದು. ಇನ್ನೂರರ ಆಸುಪಾಸು ಗಿರಾಕಿಗಳು. ಬಿಲ್ ಹಾಕುವುದು, ಕಟ್ಟಿ ಅಂತ ಮೇಲ್ ಕಳಿಸುವುದು, ಕಟ್ಟದಿದ್ದರೆ ಸೈಟ್ ನಿಲ್ಲಿಸುವುದು, ಎಲ್ಲವನ್ನೂ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಯಾವ ಸಾಫ್ಟ್‌ವೇರ್ ಅಂತ ಕೇಳಬೇಡಿ, ತಪ್ಪು ಅದರದ್ದಲ್ಲ.

ಮೊದಲು ಕೈಯಾರೆ ಅವರ ಸೈಟ್ ವಾಪಸ್ ತಂದೆ. ಆಮೇಲೆ ಹುಡುಕಾಟ. ಬಿಲ್ಲಿಂಗ್‌ನಲ್ಲಿ ಏನೇ ಕೆಟ್ಟರೂ ನಾನು ಮೊದಲು ಅನುಮಾನ ಪಡುವುದು ಕ್ರಾನ್ ಮೇಲೆ. ಈ ಸಾಫ್ಟ್‌ವೇರ್‌ಗಳು ತಾವಾಗಿ ಏಳುವುದಿಲ್ಲ, ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ಕ್ರಾನ್. ಹೋದ ವರ್ಷ ಸರ್ವರ್‌ನಲ್ಲಿ ಪಿಎಚ್‌ಪಿ (ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದಿರುವ ಭಾಷೆ) ವರ್ಷನ್ ಏರಿಸಿದ್ದೆ. ಬ್ರೌಸರ್‌ನಲ್ಲಿ ಎಲ್ಲಾ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಕ್ರಾನ್ ಬಳಸುವ ಕಮಾಂಡ್ ಲೈನ್ ಪಿಎಚ್‌ಪಿಗೆ ಅಯಾನ್‌ಕ್ಯೂಬ್ ಲೋಡರ್ ಹಾಕುವುದು ಮರೆತಿದ್ದೆ. ಗುಪ್ತವಾಗಿಟ್ಟ ಕೋಡ್ ಓದಿಸುವ ಆ ತುಣುಕು ಇಲ್ಲದಿದ್ದರೆ ಸಾಫ್ಟ್‌ವೇರ್ ಓಡುವುದೇ ಇಲ್ಲ. ಒಂಬತ್ತು ದಿನ ಒಂದೇ ಒಂದು ಬಿಲ್ ಹೋಗಿರಲಿಲ್ಲ. ಬಿಲ್ ಬಂದಿಲ್ಲ ಅಂತ ಯಾವ ಗಿರಾಕಿ ಫೋನ್ ಮಾಡುತ್ತಾನೆ ಹೇಳಿ?

ಈ ಸಲ ಕ್ರಾನ್ ಗಟ್ಟಿಮುಟ್ಟಾಗಿತ್ತು. ಸರ್ವರ್ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ, ಅದರ ಮಧ್ಯರಾತ್ರಿ ಅಂದರೆ ನಮ್ಮ ಬೆಳಗಿನ 5.30. ಆ ಹೊತ್ತಿಗೆ ಸರಿಯಾಗಿ ಎದ್ದು, ಬಿಲ್ ಬಾಕಿ ಮೂರು ದಿನ ದಾಟಿದೆ ಅಂತ ನೋಡಿ, ಸೈಟ್ ಮುಚ್ಚಿ, ಮೇಲ್ ಕೂಡ ಕಳಿಸಿತ್ತು. ಆ ಮೇಲ್ ಹೋಗಿದ್ದು ಅವರಿಗೆ ತೆಗೆಯಲಾಗದ ಅದೇ ಇನ್‌ಬಾಕ್ಸ್‌ಗೆ.

ಆನ್‌ಲೈನ್‌ನಲ್ಲಿ ಗಿರಾಕಿಗಳ ದುಡ್ಡು ಪಡೆದು ನನಗೆ ಕೊಡುವ ಪೇಮೆಂಟ್ ಗೇಟ್‌ವೇಯ ಡ್ಯಾಶ್‌ಬೋರ್ಡ್ ತೆಗೆದರೆ ಅವರ ಎರಡೂ ಯುಪಿಐ ಪೇಮೆಂಟ್ ಜಮಾ ಆಗಿವೆ. ನನ್ನ ಸಾಫ್ಟ್‌ವೇರ್‌ನಲ್ಲಿ ಒಂದೂ ಇಲ್ಲ. ದುಡ್ಡು ಬಂದ ಕೂಡಲೇ ಗೇಟ್‌ವೇ ನಮ್ಮ ಸರ್ವರ್‌ಗೆ ಒಂದು ಸಂದೇಶ ಕಳಿಸುತ್ತದೆ, ವೆಬ್‌ಹುಕ್ ಅಂತಾರೆ. ಅದು ತಲುಪಿದರೆ ಮಾತ್ರ ಬಿಲ್ 'ಪೇಯ್ಡ್' ಆಗುವುದು. ವೆಬ್‌ಹುಕ್ ಲಾಗ್ ನೋಡಿದೆ: 403, 403, 403. 'ಒಳಗೆ ಬಿಡುವುದಿಲ್ಲ' ಅಂತ ಸರ್ವರ್ ಹೇಳುವ ಕೋಡ್ ಅದು. ಮಂಗಳವಾರದಿಂದ ಸಾಲಾಗಿ.

ಮಂಗಳವಾರ ಏನಾಗಿತ್ತು? ಬಾಟ್‌ಗಳು ಸುಳ್ಳು ಅಕೌಂಟ್ ತೆರೆಯುತ್ತಿವೆ ಅಂತ ನಾನೇ ಫೈರ್‌ವಾಲ್ (ಸರ್ವರ್‌ಗೆ ಯಾರನ್ನು ಬಿಡಬೇಕು ಅಂತ ನೋಡುವ ಕಾವಲು) ಬಿಗಿ ಮಾಡಿದ್ದೆ. ಬಾಟ್‌ಗಳ ಜೊತೆ ಗೇಟ್‌ವೇಯೂ ಬಾಗಿಲಾಚೆ ನಿಂತಿತ್ತು. ಮೇಡಂ ಬುಧವಾರ ಕಟ್ಟಿದ್ದರು. ಗುರುವಾರ 'ಬಾಕಿ ಇದೆ' ಅಂತ ಮೇಲ್ ಹೋದಾಗ ಪಾಪ, ಮತ್ತೆ ಕಟ್ಟಿದ್ದರು.

ವೆಬ್‌ಹುಕ್ ಬಂದು ಸೇರುವ ಕಾಲ್‌ಬ್ಯಾಕ್ ವಿಳಾಸವೊಂದಕ್ಕೆ ಮಾತ್ರ ಫೈರ್‌ವಾಲ್‌ನ ಆ ರೂಲ್‌ನಿಂದ ವಿನಾಯಿತಿ ಕೊಟ್ಟೆ. ಬಂದ ಸಂದೇಶ ಅಸಲಿಯೋ ನಕಲಿಯೋ ಅಂತ ಅದರ ಜೊತೆಗಿನ ಡಿಜಿಟಲ್ ಸಿಗ್ನೇಚರ್ ನೋಡಿ ಸಾಫ್ಟ್‌ವೇರೇ ತಿಳಿಯುತ್ತದೆ, ಹಾಗಾಗಿ ಇದಕ್ಕೆ ಹೆದರಬೇಕಿಲ್ಲ. ಇಡೀ ಫೈರ್‌ವಾಲ್ ತೆಗೆದು ಹಾಕಬೇಡಿ, ಕೋಪದಲ್ಲಿ ಮಾಡಬೇಕು ಅನಿಸುತ್ತದೆ. ಆಮೇಲೆ ಕೂತು ಹನ್ನೊಂದು ಜನರ ಪೇಮೆಂಟ್ ಒಂದೊಂದಾಗಿ ಕೈಯಲ್ಲಿ ಹಾಕಿದೆ.

ಕೆಲವರು ಕೇಳುತ್ತಾರೆ, ಕಾರ್ಡ್ ಸೇವ್ ಮಾಡಿಟ್ಟು ಆಟೋ ಡೆಬಿಟ್ ಇಡಬಾರದಾ ಅಂತ. 2021ರ ಅಕ್ಟೋಬರ್ 1ರಿಂದ ಆರ್‌ಬಿಐ ನಿಯಮ ಬಿಗಿಯಾದ ಮೇಲೆ ಮ್ಯಾಂಡೇಟ್, ಅಂದರೆ ಗಿರಾಕಿಯ ಮುಂಗಡ ಒಪ್ಪಿಗೆ ನೋಂದಾಯಿಸಬೇಕು, ದುಡ್ಡು ಕಟ್ ಆಗುವ 24 ಗಂಟೆ ಮುಂಚೆ ತಿಳಿಸಬೇಕು. ನಮ್ಮ ಜನ ಲಿಂಕ್ ಒತ್ತಿ ಯುಪಿಐನಲ್ಲಿ ಕಟ್ಟುತ್ತಾರೆ, ಮುಗೀತು. ಅಂದ ಮೇಲೆ ಎಲ್ಲಾ ನಿಂತಿರುವುದು ಆ ಒಂದು ವೆಬ್‌ಹುಕ್ ಮೇಲೆ.

ಹಾಗಾಗಿ ನಾನು ಆಟೋ ಸಸ್ಪೆಂಡ್ ಆಫ್ ಮಾಡಿಬಿಟ್ಟೆ. ಬಿಲ್ ಅದೇ ಹಾಕಲಿ, ಮೇಲ್ ಅದೇ ಕಳಿಸಲಿ. ಬಾಕಿ ಪಟ್ಟಿಯನ್ನು ಗೇಟ್‌ವೇ ಲೆಕ್ಕದ ಜೊತೆ ತಾಳೆ ನೋಡಿ ಸೈಟ್ ನಿಲ್ಲಿಸುವುದು ಮಾತ್ರ ನಾನೇ. ದಿನಕ್ಕೆ ಹತ್ತು ನಿಮಿಷದ ಕೆಲಸ. ಸಾವಿರಾರು ಗಿರಾಕಿ ಇರುವವರು ನಗಬಹುದು, ನಗಲಿ ಬಿಡಿ.

ಮೇಡಂಗೆ ಫೋನ್ ಮಾಡಿ, ಎರಡನೇ ಸಲದ ದುಡ್ಡು ಮುಂದಿನ ವರ್ಷಕ್ಕೆ ಕ್ರೆಡಿಟ್ ಇಡಲಾ ಅಂತ ಕೇಳಿದೆ. "ಕ್ರೆಡಿಟ್ಟೂ ಬೇಡ ಗಿಡಿಟ್ಟೂ ಬೇಡ, ವಾಪಸ್ ಹಾಕಿ" ಅಂದರು. ಹಾಕಿದೆ. ಗೇಟ್‌ವೇ ಕಮಿಷನ್ ನನ್ನ ಕೈಯಿಂದಲೇ ಹೋಯಿತು.