ಎರಡು ಸೀಟಿನ ನೆಂಟ

ಬೆಳಿಗ್ಗೆ ಆರೂವರೆಗೆ ಫೋನ್ ಬಂತೆಂದರೆ ನಮ್ಮ ಕಡೆ ಯಾರೋ ಹೋದರು ಎಂದೇ ಅರ್ಥ. ಎದೆ ಧಸಕ್ಕೆನ್ನುತ್ತದೆ. ಈ ಚಳಿಗಾಲದಲ್ಲಿ ಆರೂವರೆ ಫೋನಿಗೆ ಆ ಗೌರವವೂ ಉಳಿಯಲಿಲ್ಲ.

"ಮಾವ, ವೋಲ್ಟ್ ಎಷ್ಟಿದೆ?"

ಅಕ್ಕನ ಮಗ. ಅಮೆರಿಕದಲ್ಲಿ ಆಗ ಸಂಜೆಯಂತೆ. ಮೂರು ತಿಂಗಳ ಕೆಲಸಕ್ಕೆ ಹೋಗುವಾಗ ತನ್ನ ಕೆಂಪು ಸ್ಪೋರ್ಟ್ಸ್ ಕಾರನ್ನು ನಮ್ಮ ಹಳೇ ಕೊಟ್ಟಿಗೆಯಲ್ಲಿ ಬಿಟ್ಟು ಹೋಗಿದ್ದಾನೆ. ಮೊದಲು ಕಾರವಾರದಲ್ಲಿ ಅವನ ಅತ್ತೆಮನೆಯಲ್ಲಿ ಇಡುವ ಮಾತಿತ್ತು. ಅಲ್ಲಿ ಸಮುದ್ರದ ಗಾಳಿಗೆ ಕಿಟಕಿಯ ಸರಳೇ ಪುಡಿಯಾಗುತ್ತದೆ, ಕಾರು ಯಾವ ಲೆಕ್ಕ? ಹಾಗಾಗಿ ಶಿರಸಿ, ಹಾಗಾಗಿ ನಾನು. ಕಾರಿಗೆ ಎರಡೇ ಸೀಟು. ಹೊಟ್ಟೆ ನೆಲಕ್ಕೆ ತಾಗಿದಂತಿದೆ. ಗೇಟಿನ ಗಟಾರ ದಾಟಿಸಲು ಹಲಗೆ ಹಾಸಿ, ನಾಲ್ಕು ಜನ ನಾಲ್ಕು ದಿಕ್ಕಿನಿಂದ "ಎಡಕ್ಕೆ, ಎಡಕ್ಕೆ" ಎಂದು ಕೂಗಿ ಒಳಗೆ ತಂದದ್ದು.

ಜೊತೆಗೆ ಎರಡು ಪುಟದ ಚೀಟಿ. ಟ್ಯಾಂಕ್ ತುಂಬಿರಲಿ, ಖಾಲಿ ಜಾಗದಲ್ಲಿ ನೀರು ಕಟ್ಟುತ್ತದೆ. ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ, ಇಲ್ಲದಿದ್ದರೆ ನಿಂತಲ್ಲೇ ಚಪ್ಪಟೆ. ಹ್ಯಾಂಡ್‌ಬ್ರೇಕ್ ಬೇಡ, ಕಚ್ಚಿಕೊಳ್ಳುತ್ತದೆ, ಚಕ್ರಕ್ಕೆ ಕಲ್ಲು ಕೊಡಿ. ಸುಮ್ನೆ ಸ್ಟಾರ್ಟ್ ಮಾಡಿ ಐದು ನಿಮಿಷ ಗುರುಗುಟ್ಟಿಸಬೇಡಿ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ಬ್ಯಾಟರಿ 12.6 ವೋಲ್ಟ್ ಇದ್ದರೆ ತುಂಬಿದ ಹಾಗೆ. 12.4ಕ್ಕಿಂತ ಇಳಿದರೆ ಚಾರ್ಜರ್ ಹಾಕಿ. ಚಾರ್ಜರ್ ಇದೆ, ಕರೆಂಟೂ ಇರಬೇಕಲ್ಲ?

ಈ ಚೀಟಿ ಹಿಮ ಬೀಳುವ ದೇಶದ್ದು. ಅಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುತ್ತಾರೆ, ಆ ಉಪ್ಪಿಗೆ ಹೆದರಿ ಕಾರು ಎತ್ತಿಡುತ್ತಾರೆ. ನಮ್ಮ ಮಾಗಿ ಚಳಿ ಎಂದರೆ ಬೆಳಗಿನ ಹದಿನೈದು ಡಿಗ್ರಿ, ಒಂದು ಮಫ್ಲರ್, ಬಚ್ಚಲ ಒಲೆಯ ಮುಂದೆ ಅರ್ಧ ಗಂಟೆ. ಹತ್ತು ಗಂಟೆಗೆ ಮಫ್ಲರ್ ಎಲ್ಲಿಟ್ಟೆ ಎಂಬುದೂ ನೆನಪಿರುವುದಿಲ್ಲ. ವರ್ಷದಲ್ಲಿ ನಮ್ಮೂರ ರಸ್ತೆ ರಸ್ತೆಯ ಹಾಗೆ ಕಾಣುವುದೇ ಈ ನಾಲ್ಕು ತಿಂಗಳು. ಆಗಲೇ ಕಾರಿಗೆ ಹೊದಿಕೆ ಹೊದೆಸಿ ಮಲಗಿಸಬೇಕಂತೆ!

ನಮ್ಮಲ್ಲಿ ಎತ್ತಿಡುವುದೆಲ್ಲ ಮಳೆಗಾಲಕ್ಕೆ. ಕೆಳಗೆ ಕರಾವಳಿಯಲ್ಲಿ ದೋಣಿಗಳನ್ನು ದಡಕ್ಕೆಳೆದು ತೆಂಗಿನ ಗರಿ ಹೊದೆಸುತ್ತಾರೆ. ಮೇಲೆ ನಮ್ಮಪ್ಪ ಸೈಕಲ್ ಎತ್ತಿಡುತ್ತಿದ್ದ. ಇಡುತ್ತಿದ್ದ ಅಂದರೆ ತಪ್ಪು, ನೇತುಹಾಕುತ್ತಿದ್ದ. ಮಿರ್ಗದ ಮಳೆ ಶುರುವಾಗುವ ಮೊದಲು ಎರಡು ಕತ್ತದ ಹಗ್ಗದಲ್ಲಿ ಊಟದ ಮನೆಯ ತೊಲೆಗೆ ಏರಿಸುವುದು. ರಿಮ್ಮಿಗೆ ಸೀಮೆಎಣ್ಣೆ ಬಟ್ಟೆ, ಚೈನಿಗೆ ಗ್ರೀಸು, ಚರ್ಮದ ಸೀಟಿಗೆ ಕೊಬ್ಬರಿ ಎಣ್ಣೆ. ಕೊಬ್ಬರಿ ಎಣ್ಣೆ ಅಪ್ಪನ ಸ್ವಂತ ತಲೆ. ನಾಲ್ಕು ತಿಂಗಳು ನಾವು ಸೈಕಲ್ಲಿನ ಕೆಳಗೆ ಕೂತು ಊಟ ಮಾಡಬೇಕು. ಉದ್ದನೆಯ ನೆಂಟರು ಏಳುವಾಗ ಪೆಡಲ್ ಹಣೆಗೆ ಬಡಿಯುತ್ತಿತ್ತು. ನಾನು ಉದ್ದನೆಯ ಕೋಲಿನಿಂದ ಅದರ ಗಂಟೆ ಬಾರಿಸಿ ಬೈಸಿಕೊಳ್ಳುತ್ತಿದ್ದೆ.

ಒಂದು ವರ್ಷ ಆಯುಧಪೂಜೆಗೆ ಇಳಿಸಿ ನೋಡಿದರೆ ಸೀಟೇ ಇಲ್ಲ. ಎರಡು ಸ್ಪ್ರಿಂಗ್, ಒಂದು ತಗಡು, ಅಷ್ಟೆ. ಇಲಿಗಳು ಹಗ್ಗದ ಮೇಲಿಂದ ಇಳಿದು ಬಂದು ಕೊಬ್ಬರಿ ಎಣ್ಣೆಯ ಚರ್ಮವನ್ನು ಹಪ್ಪಳದ ಹಾಗೆ ತಿಂದು ಮುಗಿಸಿದ್ದವು. ಅಮ್ಮ ನಕ್ಕಳು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. "ಇನ್ನೊಂದು ಚೂರು ಉಪ್ಪು-ಖಾರ ಹಾಕಿಡಬೇಕಿತ್ತು" ಅಂದಳು. ಅಪ್ಪ ಎರಡು ದಿನ ಮಾತಾಡಲಿಲ್ಲ. ಹೊಸ ಸೀಟೂ ತರಲಿಲ್ಲ, ಬರೀ ಹಟಕ್ಕೆ. ತಗಡಿನ ಮೇಲೆ ಗೋಣಿಚೀಲ ಮಡಚಿ ಕಟ್ಟಿಕೊಂಡು ಅಡಿಕೆ ವ್ಯಾಪಾರ ಮುಗಿಯುವ ತನಕ ಪೇಟೆಗೆ ಓಡಾಡಿದ. ಬಿಳಿ ಪಂಚೆಯ ಹಿಂದೆ ಗೋಣಿಯ ನೇಯ್ಗೆ ಅಚ್ಚೊತ್ತಿರುತ್ತಿತ್ತು. ಸೊಸೈಟಿಯ ಕಟ್ಟೆಯಲ್ಲಿ ಯಾರೂ ಎದುರಿಗೆ ನಗಲಿಲ್ಲ. ಆದರೆ ಅಪ್ಪ ಎದ್ದು ಹೊರಡುವುದನ್ನೇ ಎಲ್ಲರೂ ಕಾಯುತ್ತಿದ್ದರು.

ಏನು ಹೇಳಲು ಹೊರಟಿದ್ದೆ? ಹಾಂ, ಇಲಿ. ಕಾರಿನ ವೈರ್ ಕಡಿಯುವ ವಿಷಯ ಆ ಚೀಟಿಯಲ್ಲೂ ಇದೆ. ಮೊನ್ನೆ ಬಾನೆಟ್ ಎತ್ತಿದೆ. ಏರ್ ಫಿಲ್ಟರಿನ ಡಬ್ಬಿಯೊಳಗೆ ಅಡಿಕೆ ಸಿಪ್ಪೆಯ ನಾರು, ಬಾಳೆಯ ಒಣ ಎಲೆ, ನನ್ನ ಕಳೆದುಹೋದ ಕರವಸ್ತ್ರದ ಒಂದು ಮೂಲೆ. ಬೆಚ್ಚನೆಯ ಗೂಡು. ಸದ್ಯ ವೈರ್ ಮುಟ್ಟಿರಲಿಲ್ಲ. ಗೂಡು ತೆಗೆದೆ, ಬೆಕ್ಕನ್ನು ತಂದು ಕೊಟ್ಟಿಗೆಗೆ ಬಿಟ್ಟೆ. ಅದು ಸೀದಾ ಹೋಗಿ ಕಾರಿನ ಮೇಲೆ ಮಲಗಿತು. ಅಮೆರಿಕಕ್ಕೆ ಏನೂ ಹೇಳಲಿಲ್ಲ.

ಇಲಿಗಿಂತ ಕಷ್ಟ ನೋಡಲು ಬರುವವರದ್ದು. ಅಡಿಕೆ ಗೊನೆ ಕೊಯ್ಲಿನ ಕಾಲ, ನಮಗೆ ಉಸಿರಾಡಲು ಪುರಸೊತ್ತಿಲ್ಲ. ಇವರು ಹೊದಿಕೆಯ ಮೂಲೆ ಎತ್ತಿ ನೋಡಿ, "ಎಷ್ಟು ಕೊಡ್ತದೆ ಮಾರಾಯ, ಲೀಟರಿಗೆ?" ಎಂದು ಕೇಳಿ, ಚಹಾ ಕುಡಿದು ಹೋಗುತ್ತಾರೆ. ಕಳೆದ ತಿಂಗಳು ನನಗೆ ಸೊಂಟ ಹಿಡಿದು ಎಂಟು ದಿನ ಮಲಗಿದ್ದೆ. ಒಬ್ಬ ಬಂದು ನೋಡಲಿಲ್ಲ.

ಹೋದ ಗುರುವಾರ ಮಧ್ಯಾಹ್ನ ಎಲ್ಲಿಂದಲೋ ಮೋಡ ಬಂತು. ಬೇಯಿಸಿ, ಚೊಗರು ಅಂದರೆ ಅಡಿಕೆ ಬೇಯಿಸಿದ ಕಂದು ರಸ ಹಾಕಿದ ಕೆಂಪಡಿಕೆ ಅಂಗಳದ ತುಂಬ ಹರಡಿತ್ತು. ಇದ್ದ ಎರಡು ತಾಡಪತ್ರಿ ಅರ್ಧ ಅಂಗಳಕ್ಕೂ ಸಾಲಲಿಲ್ಲ. ಹನಿ ಬೀಳತೊಡಗಿದಾಗ ಹೆಂಡತಿ ಕೊಟ್ಟಿಗೆಯ ಕಡೆ ನೋಡಿದಳು. ನಾನೂ ನೋಡಿದೆ. ಕಾರಿನ ತಲೆಯ ಮೇಲೆ ಹೇಗೂ ಹೆಂಚಿದೆ, ಅಲ್ವಾ?

ಮಳೆ ಹತ್ತೇ ನಿಮಿಷ. ಅಡಿಕೆ ಉಳಿಯಿತು. ಚೊಗರಿನ ಕಲೆ ಮಾತ್ರ ಬಟ್ಟೆಗೆ ಹಿಡಿದರೆ ಬಿಡುವುದಿಲ್ಲ, ಸೋಪು, ನಿಂಬೆಹುಳಿ ಎಲ್ಲ ನೋಡಿ ಆಯ್ತು. ಈಗ ಕೆಂಪು ಕಾರಿನ ಬೂದು ಹೊದಿಕೆಯ ತುಂಬ ಕಂದು ಚುಕ್ಕೆ.

ಇವತ್ತು ಆರೂವರೆಗೆ ಮತ್ತೆ ಫೋನ್. 12.5 ಎಂದೆ. ಅವನಿಗೆ ಖುಷಿಯಾಯಿತು.

"ಮಾವ, ಹೊದಿಕೆ ಸಮೇತ ಒಂದು ಫೋಟೋ ಕಳಿಸು."

ಇಲ್ಲಿ ಕರೆಂಟ್ ಇಲ್ಲ ಎಂದೆ.