ಬಿಯರ್ ತಣ್ಣಗೆ ಮಾಡೋಕೆ ತಾಮ್ರದ ಸುರುಳಿ ಸಾಕು

ಮೆಲ್ಬರ್ನ್‌ನಲ್ಲಿರುವ ನನ್ನ ತಮ್ಮ ಮನೆಯಲ್ಲೇ ಬಿಯರ್ ಮಾಡುತ್ತಾನೆ. ಅಲ್ಲಿ ಸ್ವಂತಕ್ಕೆ ಮಾಡಿಕೊಂಡರೆ ತಪ್ಪಿಲ್ಲ. (ಇಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬರುತ್ತಾರೆ, ಯಾರೂ ಕೈ ಹಾಕಬೇಡಿ.) ಇಷ್ಟು ದಿನ 20 ಲೀಟರ್ ಮಾಡುತ್ತಿದ್ದವನು ಈಗ 50ಕ್ಕೆ ಹಾರಿದ್ದಾನೆ. ನಾನು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಡೈರಿ ಮಷಿನ್ ರಿಪೇರಿ ಮಾಡೋನು, ಅದಕ್ಕೇ ಮೊನ್ನೆ ಫೋನು ಬಂತು. "ಅಣ್ಣಾ, ಪ್ಲೇಟ್ ಚಿಲ್ಲರ್ ತಗೊಂಡ ಬಿಡ್ಲೇನು?" ತೆಳು ಪ್ಲೇಟಿನ ಒಂದು ಬದಿ ಬಿಸಿಯದ್ದು, ಇನ್ನೊಂದು ಬದಿ ತಣ್ಣೀರು ಹರಿಸಿ ತಣ್ಣಗೆ ಮಾಡುವ ಮಷಿನ್ ಅದು.

"ರೊಕ್ಕ ಹೆಚ್ಚಾಗ್ಯಾವೇನು ನಿಂಗ?" ಅಂದೆ.

ಜವೆಗೋಧಿ ಮಾಲ್ಟಿನ ಸಿಹಿ ನೀರಿಗೆ ಹಾಪ್ಸ್ ಅನ್ನೋ ಕಹಿ ಹೂವು ಹಾಕಿ ಒಂದು ಗಂಟೆ ಕುದಿಸುತ್ತಾರೆ, ಅದೇ ವರ್ಟ್. ಅದು 20 ಡಿಗ್ರಿ ಆಸುಪಾಸಿಗೆ ಇಳಿದ ಮೇಲೇ ಯೀಸ್ಟ್ ಹಾಕಬೇಕು. ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಏನಾಗುತ್ತೆ ಅಂತ ಅವ್ವನಿಗೆ ಗೊತ್ತು, ಇದೂ ಹಾಗೇ. ತಡ ಮಾಡಿದರೆ ಬೆಚ್ಚಗಿನ ಸಿಹಿ ನೀರಿನಲ್ಲಿ ಬೇಡದ ಬ್ಯಾಕ್ಟೀರಿಯಾ ಮೊದಲು ಮನೆ ಮಾಡುತ್ತದೆ. ಸಣ್ಣ ಪಾತ್ರೆಯಾದರೆ ತಣ್ಣೀರಿನ ಬೋಗುಣಿಯಲ್ಲಿ ಇಟ್ಟರೂ ಆರುತ್ತದೆ. ಮದುವೆ ಮನೆಯ ಹಾಲಿನ ಹಂಡೆ ಎಷ್ಟು ಹೊತ್ತಾದರೂ ಬಿಸಿ ಇರುತ್ತದಲ್ವಾ, 50 ಲೀಟರ್ ಅಂದ್ರೆ ಆ ಲೆಕ್ಕ.

ಪ್ಲೇಟ್ ಚಿಲ್ಲರ್ ಕೆಟ್ಟದ್ದು ಅಂತ ನಾನು ಹೇಳೋಲ್ಲ, ಡೈರಿಯಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸೋದು ಅದೇ. ಆದರೆ ಡೈರಿಯದ್ದು ಬೋಲ್ಟ್ ಬಿಚ್ಚಿ ಒಂದೊಂದೇ ಪ್ಲೇಟ್ ತೊಳೆಯುವಂಥದ್ದು, ಬಿಚ್ಚಿದಾಗ ಒಳಗೆ ಅಂಟಿರೋ ಗಸಿ ನೋಡಿದರೆ ಆ ದಿನ ಚಹಾ ಕುಡಿಯೋಕೂ ಮನಸ್ಸು ಬರೋಲ್ಲ. ಮನೆಗೆ ಮಾರುವ ಸಣ್ಣವು ಬೆಸುಗೆ ಹಾಕಿ ಮುಚ್ಚಿದವು. ಹಾಪ್ಸಿನ ಚೂರು ಒಳಗೆ ಸಿಕ್ಕಿತು ಅಂದ್ರೆ ಬಿಸಿ ಕಾಸ್ಟಿಕ್ ಸೋಡಾ ನೀರು ಹಿಂದು ಮುಂದು ಹರಿಸಬಹುದು, ಹೋಯ್ತೋ ಇಲ್ವೋ ಅಂತ ಕಣ್ಣಿಂದ ನೋಡೋಕೆ ಆಗಲ್ಲ. ಕಾಣದ ಕೊಳೆಯನ್ನು ನಾನು ನಂಬೋಲ್ಲ. ಕೊಳವೆಯೊಳಗೆ ಕೊಳವೆ ಇರುವ ಕೌಂಟರ್‌ಫ್ಲೋ ಚಿಲ್ಲರ್‌ಗೂ ಇದೇ ತಕರಾರು.

ಅರ್ಧ ಇಂಚಿನ ತಾಮ್ರದ ಕೊಳವೆ, ಒಂದು 15 ಮೀಟರ್, ಸುರುಳಿ ಸುತ್ತಿ ಹಂಡೆಗೆ ಇಳಿಸು ಅಂದೆ. ಕುದಿಯುವ ಕೊನೆಯ 15 ನಿಮಿಷ ಒಳಗೇ ಇರಲಿ, ಅದೂ ಸ್ವಚ್ಛ ಆಗುತ್ತದೆ. ಆಮೇಲೆ ಕೊಳವೆಯೊಳಗೆ ನಲ್ಲಿಯ ತಣ್ಣೀರು ಹರಿಯುವಾಗ ವರ್ಟನ್ನು ಸೌಟಿನಿಂದ ತಿರುವುತ್ತಲೇ ಇರಬೇಕು. ಇಲ್ಲಾಂದ್ರೆ ಸುರುಳಿಯ ಸುತ್ತ ಮಾತ್ರ ತಣ್ಣಗಾಗಿ ಉಳಿದದ್ದು ಇನ್ನೂ ಬಿಸಿ. ಈ ಸೌಟಿಗೆ ಇರುವ ಬೆಲೆ ಯಾವ ಮಷಿನಿಗೂ ಇಲ್ಲ.

ಇನ್ನೊಂದು, ನಲ್ಲಿ ನೀರಿಗಿಂತ ತಣ್ಣಗೆ ಯಾವ ಸುರುಳಿಯೂ ಮಾಡೋಲ್ಲ. ನಮ್ಮ ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು ಸ್ನಾನಕ್ಕೇ ಬಿಸಿ. ಅಲ್ಲಿಯೂ ಬೇಸಿಗೆ ಇದೆ. ಅದಕ್ಕೇ 35 ಡಿಗ್ರಿವರೆಗೆ ನಲ್ಲಿ ನೀರು, ಆಮೇಲೆ ಬಕೆಟ್‌ನಲ್ಲಿ ಐಸ್ ನೀರು ಹಾಕಿ ಸಣ್ಣ ಪಂಪಿನಿಂದ ಸುರುಳಿಯೊಳಗೆ ಸುತ್ತಿಸು ಅಂದೆ. 50 ಲೀಟರನ್ನು 35ರಿಂದ 20ಕ್ಕೆ ತರಲು ಲೆಕ್ಕದ ಪ್ರಕಾರ ಏಳೂವರೆ ಕಿಲೋ ಐಸ್, ಹತ್ತು ಇಟ್ಕೊಂಡರೆ ಚಿಂತೆಯಿಲ್ಲ. ಮೊದಲು ಬರುವ ಬಿಸಿ ನೀರನ್ನು ಪಾತ್ರೆ ತೊಳೆಯೋಕೆ ಹಿಡಿದಿಡು ಅಂತ ಎರಡು ಸಲ ಹೇಳಿದೆ. ನಲ್ಲಿಗೆ ನೀರು ಬರೋದಕ್ಕೆ ದಿನಗಟ್ಟಲೆ ಕಾಯುವ ಊರಿನವನು ನಾನು, ಮೋರಿಗೆ ಹೋಗೋದು ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತದೆ.

ಅವನ ಗೆಳೆಯರು ಕೆಲವರು ಆರಿಸೋದೇ ಇಲ್ಲವಂತೆ, ಬಿಸಿ ವರ್ಟನ್ನು ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ ಬಿಗಿ ಮುಚ್ಚಿ ರಾತ್ರಿಯಿಡೀ ಬಿಡುತ್ತಾರಂತೆ. ನೀರು ಉಳಿಯುತ್ತದೆ, ಸರಿ. ಆದರೆ ಬಿಸಿಯಲ್ಲಿ ಹಾಪ್ಸಿನ ಕಹಿ ಏರುತ್ತಲೇ ಇರುತ್ತದೆ, ಹಾಪ್ಸ್ ಲೆಕ್ಕ ಬದಲಿಸಬೇಕು.

ನಿನ್ನೆ ರಾತ್ರಿ ಮೆಸೇಜು: "ಕೊಳವೆ ತಂದೀನಿ, ಮಡಚಿ ಹೋಗ್ತದಲ್ಲ ಅಣ್ಣಾ?" ಹಂಡೆಗಿಂತ ಸಣ್ಣ ಡಬ್ಬಿಯ ಸುತ್ತ ನಿಧಾನಕ್ಕೆ ಸುತ್ತು, ಅವಸರ ಮಾಡಬೇಡ ಅಂತ ಬರೆದೆ. ಇನ್ನೂ ಉತ್ತರ ಬಂದಿಲ್ಲ, ಮಡಚಿರಬೇಕು.